ಆ ಹುಡುಗ ‘ಕಫ್’ ಅಂದದ್ದರಲ್ಲಿ ತಪ್ಪೇನಿದೆ?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದು ಹಗುರಾಗದೆ ನಿದ್ದೆ ಬರುವುದಿಲ್ಲ ಅಂತ ಗೊತ್ತಾಗಿ ಕೂತಿದ್ದೇನೆ. ಕರೆಂಟ್ ಬೇರೆ ಹೋಗಿದೆ. ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ನಗಬೇಡಿ. ನಗುವವರ ಮೇಲಿನ ಸಿಟ್ಟಿಗೇ ಈ ಬರಹ.

ತಮ್ಮನ ಮಗಳನ್ನು ಟ್ಯೂಷನ್ನಿನಿಂದ ಕರೆತರಲು ಹೋಗಿದ್ದೆ. ಮನೆಯಿಂದ ಎರಡು ಗಲ್ಲಿ ಆಚೆ, ಝೆರಾಕ್ಸ್ ಅಂಗಡಿಯ ಮೇಲೆ ತಗಡಿನ ಛತ್ತಿನ ಒಂದು ಕೋಣೆ. ಹೆಸರು ಬೇಡ. ಕಲಬುರಗಿಯಲ್ಲಿ ಇಂಥವು ಗಲ್ಲಿಗೊಂದಿವೆ, ಒಂದರ ಹೆಸರು ಹೇಳಿ ಉಳಿದವರನ್ನೆಲ್ಲ ಸಭ್ಯಸ್ಥರನ್ನಾಗಿ ಯಾಕೆ ಮಾಡಲಿ? ಮೆಟ್ಟಿಲು ಹತ್ತುವಾಗಲೇ ಭಜನೆ ಕೇಳಿಸಿತು. ‘ಟಿ ಓ ಯು ಜಿ ಎಚ್ ಟಫ್, ಟಫ್ ಮೀನ್ಸ್ ಕಠಿಣ! ಆರ್ ಓ ಯು ಜಿ ಎಚ್ ರಫ್, ರಫ್ ಮೀನ್ಸ್ ಒರಟು!’ ಮೂವತ್ತು ಮಕ್ಕಳು, ಒಂದು ಫ್ಯಾನು. ಗೋಡೆಗೆ ಒಂದು ಚಾರ್ಟು. ನಡುವೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಸೂರ್ಯನ ಹಾಗೆ ‘ಓ ಯು ಜಿ ಎಚ್’ ಅಂತ ಬರೆದು, ಸುತ್ತ ಕಿರಣಗಳ ಹಾಗೆ ಪದಗಳು. ನಮ್ಮೂರಿಗೆ ಮೇಲಿರುವ ಒಬ್ಬ ಸೂರ್ಯ ಸಾಲಲಿಲ್ಲ ಅಂತ ಕಾಣುತ್ತದೆ.

ಭಜನೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರು. ಮೂರನೇ ಸಾಲಿನ ಹುಡುಗ ಎದ್ದ. ಅಫಜಲಪುರ ಕಡೆಯ ಹಳ್ಳಿಯವನಂತೆ, ಈ ವರ್ಷ ಸೋದರಮಾವನ ಮನೆಯಲ್ಲಿದ್ದು ಓದಲು ಬಂದಿದ್ದಾನೆ. ‘ರಫ್’ ಸರಿ ಓದಿದ. ‘ಟಫ್’ ಸರಿ ಓದಿದ. ‘ಇನಫ್’ ಕೂಡ ಸರಿ ಓದಿದ. ಆಮೇಲೆ ಸಿ ಓ ಯು ಜಿ ಎಚ್ ಬಂತು, ಕೆಮ್ಮು ಅನ್ನುವ ‘ಕಾಫ್’. ಒಂದು ಗಳಿಗೆ ನಿಂತ. ಧೈರ್ಯ ಮಾಡಿ ‘ಕಫ್’ ಅಂದ.

ಕೋಣೆಗೆ ಕೋಣೆಯೇ ನಕ್ಕಿತು. ಕಲಿಸುವವರೂ ನಕ್ಕರು. ‘ಯಾಕೋ, ಕಫ ಆಗ್ಯಾದೇನು ನಿನಗ?’ ಅಂದರು. ಇನ್ನೊಂದು ಸುತ್ತು ನಗು. ಆ ಗಾಬರಿಯಲ್ಲಿ ಅವನು ಮುಂದಿನ ‘ಪ್ಲೌ’ ಅನ್ನು ‘ಪ್ಲಫ್’ ಅಂದ. ‘ಹೋಗಲಿ, ಅರ್ಥ ಹೇಳು’ ಅಂದರು. ಅರ್ಥ ಅವನಿಗೆ ಗೊತ್ತಿತ್ತು. ಚಾರ್ಟಿನ ಚಿತ್ರ ನೋಡಿ ಮುಖ ಅರಳಿಸಿ ‘ರಂಟಿ ರೀ’ ಅಂದ. ‘ರಂಟಿ ಅಲ್ಲೋ ಮಾರಾಯಾ, ನೇಗಿಲು ಅನ್ನು.’ ಮತ್ತೆ ನಗು. ಎರಡೂ ಪದ ಐವತ್ತೈವತ್ತು ಸಲ ಬರೆದು ತರಬೇಕು ಅಂತ ಅಪ್ಪಣೆ ಆಯಿತು.

ಐದೇ ನಿಮಿಷ. ಅಷ್ಟರಲ್ಲಿ ಆ ಹುಡುಗನಿಗೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ ಅಂತ ತೀರ್ಮಾನವಾಯಿತು.

ನಾನು ಯಾರು, ಏನು ಅಂತ ನಿಮಗೆಲ್ಲ ಗೊತ್ತಿದೆ. ಭೀಮಾ ದಂಡೆಯ ಕನ್ನಡ ಸಾಲಿಯಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆ ಎ ಬಿ ಸಿ ಡಿ ಮುಖ ನೋಡಿದವಳು. ಇಪ್ಪತ್ತಾರು ವರ್ಷದಿಂದ ಪಿಯು ಮಕ್ಕಳಿಗೆ ಅದೇ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದುಕೊಳ್ಳುತ್ತಿರುವವಳು. ಹಾಗಾಗಿ ಇದು ಇಂಗ್ಲಿಷ್ ಬಾರದವಳ ಹೊಟ್ಟೆಕಿಚ್ಚು ಅಂತ ಮಾತ್ರ ಅನ್ನಬೇಡಿ.

ಅವನು ಮಾಡಿದ್ದೇನು? ಒಂದೇ ಬಾಲವಿರುವ ಮೂರು ಪದಗಳನ್ನು ತೋರಿಸಿ, ಈ ಬಾಲವನ್ನು ‘ಅಫ್’ ಅಂತ ಓದಬೇಕು ಅಂತ ಹತ್ತು ನಿಮಿಷ ಬಾಯಿಪಾಠ ಮಾಡಿಸಿದರು. ನಾಲ್ಕನೆಯ ಪದಕ್ಕೆ ಅವನು ಅದೇ ಲೆಕ್ಕ ಹಚ್ಚಿದ. ಗಣಿತದ ಪಿರಿಯಡ್ಡಿನಲ್ಲಿ ಇದನ್ನೇ ಮಾಡಿದ್ದರೆ ಶಹಬ್ಬಾಸ್ ಅನ್ನುತ್ತಿದ್ದರು. ಬೇರೆ ಮಕ್ಕಳು ಸರಿ ಓದಿದರಲ್ಲ ಅಂತೀರಾ? ಅವರು ಓದಲಿಲ್ಲ, ಒಪ್ಪಿಸಿದರು. ಆ ಕೋಣೆಯಲ್ಲಿ ನಿಜವಾಗಿ ಓದಲು ಹೋದವನು ಅವನೊಬ್ಬನೇ. ನಕ್ಕದ್ದೂ ಅವನನ್ನೇ.

ನೋಡಿ, ಅದೇ ನಾಲ್ಕು ಅಕ್ಷರ. ದೋ, ಥ್ರೂ, ಟಫ್, ಕಾಫ್, ಬೌ, ಥಾಟ್, ಥರೊ. ಏಳು ಪದ, ಏಳು ಸ್ವರ. ಸಂಗೀತದ ಮಾಸ್ತರ ಹತ್ತಿರವೂ ಇಷ್ಟೇ ಇರುವುದು. ಇದನ್ನು ಮಕ್ಕಳ ಮುಂದೆ ಇಡುವವರು ಕನಿಷ್ಠ ಒಂದು ಮಾತು ಹೇಳಬೇಕಲ್ಲವೇ? ‘ಮಕ್ಕಳೇ, ಇಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆಗಿರುವ ಅನಾಹುತ ಬೇರೆಯೇ ಇದೆ’ ಅಂತ. ಅದನ್ನು ಬಿಟ್ಟು ನಗುವುದೇ?

ಆ ಅನಾಹುತ ಏನು ಅಂತ ಹೇಳುತ್ತೇನೆ. ಕ್ಲಾಸು ಅಂತ ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ, ಕೂತ್ಕೊಳ್ಳಿ.

ಆ ಜಿ ಎಚ್ ಹುಟ್ಟಾ ಮೂಕ ಅಲ್ಲ. ಅದಕ್ಕೆ ಒಂದು ಸದ್ದಿತ್ತು. ಎಂಥ ಸದ್ದು ಅಂತ ತಿಳಿಯಲು ಲಂಡನ್ನಿಗೆ ಹೋಗಬೇಕಿಲ್ಲ, ಬಂದೇನವಾಜ್ ದರ್ಗಾದ ಕಡೆ ಹೋಗುವ ಆಟೋ ಹತ್ತಿದರೆ ಸಾಕು. ಆಟೋದವನು ‘ಖ್ವಾಜಾ’ ಅನ್ನುತ್ತಾನಲ್ಲ, ‘ಖಬರ್’ ಅನ್ನುತ್ತಾನಲ್ಲ, ಆ ಖ. ನಮ್ಮ ಖಡ್ಗದ ಖ ಅಲ್ಲ, ಗಂಟಲು ಕೆರೆದುಕೊಂಡು ಬರುವ ಖ. ಇಂಗ್ಲಿಷರ ಬಾಯಲ್ಲಿ ಬರೋಬ್ಬರಿ ಅದೇ ಸದ್ದಿತ್ತು. ‘ನೈಟ್’ ಆಗ ಹೆಚ್ಚುಕಡಿಮೆ ‘ನಿಖ್ತ್’. ಮೊದಲು ಅದನ್ನು ಬರೀ ಎಚ್ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದು ಗದ್ದುಗೆ ಹಿಡಿದರು. ಫ್ರೆಂಚ್ ಬರವಣಿಗೆ ಕಲಿತ ಬರಹಗಾರರು ಬರಬರುತ್ತ ಅದಕ್ಕೆ ಜಿ ಎಚ್ ಅಂತ ಎರಡು ಅಕ್ಷರದ ಅಂಗಿ ತೊಡಿಸಿದರು. ಆಮೇಲೆ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಯಂತ್ರ ಹೂಡಿದ. ನಿಧಾನಕ್ಕೆ ಕಾಗುಣಿತ ಸೀಸದ ಅಚ್ಚಿನಲ್ಲಿ ಗಟ್ಟಿಯಾಗುತ್ತ ಹೋಯಿತು, ಜನರ ಗಂಟಲು ಮಾತ್ರ ಬದಲಾಗುತ್ತಲೇ ಇತ್ತು. ಆ ಖ ಕೆಲವು ಪದಗಳಲ್ಲಿ ಫ ಆಯಿತು, ಕೆಲವು ಪದಗಳಲ್ಲಿ ಸದ್ದಿಲ್ಲದೆ ಪ್ರಾಣ ಬಿಟ್ಟಿತು. ಯಾವ ಪದಕ್ಕೆ ಯಾವ ಗತಿ ಅನ್ನುವುದು ಊರಿಂದ ಊರಿಗೆ ಬೇರೆಯಿತ್ತು, ಕೊನೆಗೆ ಒಂದು ಪದ ಆ ಊರಿನದು, ಒಂದು ಪದ ಈ ಊರಿನದು ಅಂತ ಕಲಸುಮೇಲೋಗರ ಆಗಿ ನಿಂತಿತು. ಅದಕ್ಕೇ ‘ಟಫ್’ನಲ್ಲಿ ಫ ಇದೆ, ‘ಬೌ’ದಲ್ಲಿ ಇಲ್ಲ. ಅಂದರೆ ಚಾರ್ಟಿನಲ್ಲಿರುವುದು ನಿಯಮ ಅಲ್ಲ, ಗೋರಿ. ಗೋರಿಯನ್ನು ಓದಲು ಬಾರದ ಮಗುವಿಗೆ ಶಿಕ್ಷೆ.

ಜರ್ಮನ್ನರ ಬಾಯಲ್ಲಿ ಆ ಸದ್ದು ಇನ್ನೂ ಜೀವಂತ ಇದೆ. ರಾತ್ರಿಗೆ ನಾಖ್ಟ್, ಎಂಟಕ್ಕೆ ಆಖ್ಟ್, ಮಗಳಿಗೆ ಟೋಖ್ಟರ್. ಈ ಮಗಳ ಕಥೆ ಕೇಳಿ. ನಮ್ಮ ಗಲ್ಲಿಯಲ್ಲಿ ಮುಸ್ಲಿಮರ ಮನೆಯ ಮದುವೆ ಕಾರ್ಡು ಬಂದರೆ ಅದರಲ್ಲಿ ಹುಡುಗಿಗೆ ‘ದುಖ್ತರ್’ ಅಂತ ಇರುತ್ತದೆ, ಫಾರಸಿ ಪದ. ಸಂಸ್ಕೃತದಲ್ಲಿ ‘ದುಹಿತೃ’. ಇಂಗ್ಲಿಷಿನ ‘ಡಾಟರ್’ ಇವರ ಒಡಹುಟ್ಟು. ಕಾಗುಣಿತದ ನಡುವೆ ಸುಮ್ಮನೆ ಕೂತಿರುವ ಜಿ ಎಚ್ ಇದೆಯಲ್ಲ, ‘ದುಖ್ತರ್’ನ ಖ ಇರುವುದು ಅದೇ ಜಾಗದಲ್ಲಿ. ಇಂಗ್ಲೆಂಡಿನಲ್ಲಿ ಸತ್ತದ್ದು ಝೆರಾಕ್ಸ್ ಅಂಗಡಿ ಪಕ್ಕದ ಮನೆಯ ಲಗ್ನಪತ್ರಿಕೆಯಲ್ಲಿ ಉಸಿರಾಡುತ್ತಿದೆ. ಇದನ್ನು ಹೇಳಿದರೆ ಯಾವ ಮಗು ಮರೆಯುತ್ತದೆ? ಇದಕ್ಕೆ ಐವತ್ತು ಸಲ ಬರೆಸಬೇಕೇ?

ಇನ್ನು ಕಾಗುಣಿತ ಅಂದರೆ ದೇವರು ಕೊಟ್ಟದ್ದು ಅನ್ನುವ ಹಾಗೆ ಆಡುವವರಿಗೆ. ‘ಡಿಲೈಟ್’ ಪದದಲ್ಲಿ ಜಿ ಎಚ್ ಇರಲೇ ಇಲ್ಲ, ಅದು ಫ್ರೆಂಚಿನಿಂದ ಬಂದದ್ದು. ‘ಲೈಟ್’ ನೋಡಿ ಇದರಲ್ಲೂ ಇರಬೇಕು ಅಂತ 16ನೇ ಶತಮಾನದಲ್ಲಿ ತುರುಕಿದರು. ಬಿಕ್ಕಳಿಕೆಗೆ ‘ಹಿಕಪ್’ ಅಂತ ಚೆಂದದ ಕಾಗುಣಿತ ಇತ್ತು. ಕೆಮ್ಮಿಗೂ ಇದಕ್ಕೂ ನೆಂಟಸ್ತನ ಇದೆ ಅಂದುಕೊಂಡು ಯಾರೋ ಅದರ ಬಾಲಕ್ಕೂ ಓ ಯು ಜಿ ಎಚ್ ಕಟ್ಟಿದರು. ಓದುವುದು ಮಾತ್ರ ಇವತ್ತಿಗೂ ‘ಹಿಕಪ್’. ‘ಗೋಸ್ಟ್’ ಪದಕ್ಕೆ ಎಚ್ ಬಂದದ್ದು ಕ್ಯಾಕ್ಸ್‌ಟನ್ನನ ಅಚ್ಚುಕೂಟದಿಂದ. ಅವನು ಬಹಳ ವರ್ಷ ಫ್ಲಾಂಡರ್ಸ್ ಕಡೆ ಇದ್ದವನು, ಅಲ್ಲಿಯ ಫ್ಲೆಮಿಶ್ ಕಾಗುಣಿತದ ಗಾಳಿ ಬೀಸಿತು. ಅಂದರೆ ಆ ಹುಡುಗ ನಿನ್ನೆ ಮಾಡಿದ್ದನ್ನೇ, ಒಂದನ್ನು ನೋಡಿ ಇನ್ನೊಂದು ಹೀಗೇ ಇರಬೇಕು ಅಂತ ಊಹಿಸಿದ್ದನ್ನೇ, ದೊಡ್ಡವರು ಮಾಡಿದರೆ ಅದು ನಿಘಂಟಿಗೆ ಹೋಗುತ್ತದೆ. ಅಫಜಲಪುರದ ಹುಡುಗ ಮಾಡಿದರೆ ಕಫ ಆಗ್ಯಾದೇನು ಅಂತಾರೆ. ಅಮೆರಿಕದವರಂತೂ ‘ಪ್ಲೌ’ ಪದದ ಜಿ ಎಚ್ ಕಿತ್ತು ಡಬ್ಲ್ಯು ಹಾಕಿಕೊಂಡು ಹಾಯಾಗಿದ್ದಾರೆ. ಅವರನ್ನು ಯಾರು ಬೆಂಚಿನ ಮೇಲೆ ನಿಲ್ಲಿಸಿದರು?

ಈಗ ಒಬ್ಬರಾದರೂ ಬಂದು ಆ ಹಳೆಯ ಮೀನಿನ ಜೋಕು ಹಾಕುತ್ತೀರಿ, ನನಗೆ ಗೊತ್ತು. ‘ಇನಫ್’ನ ಜಿ ಎಚ್, ‘ವಿಮೆನ್’ನ ಓ, ‘ನೇಶನ್’ನ ಟಿ ಐ ಕೂಡಿಸಿ ಜಿ ಎಚ್ ಓ ಟಿ ಐ ಅಂತ ಬರೆದು ‘ಫಿಶ್’ ಅಂತ ಓದುವುದು. ಬರ್ನಾರ್ಡ್ ಷಾ ಹೇಳಿದ್ದು ಅಂತ ಬೇರೆ ಸೇರಿಸುತ್ತೀರಿ. ಷಾ ಹುಟ್ಟಿದ್ದು 1856ರಲ್ಲಿ, ಆ ಜೋಕು 1855ರ ಒಂದು ಪತ್ರದಲ್ಲೇ ಇದೆ. ಅದೂ ಅಲ್ಲದೆ ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬಂದ ಜಿ ಎಚ್ ಯಾವತ್ತೂ ಫ ಆಗುವುದಿಲ್ಲ. ‘ಇಂಗ್ಲಿಷಿಗೆ ತಲೆಬುಡ ಇಲ್ಲ’ ಅನ್ನುವವರೂ ಒಂದೇ, ಮಗುವನ್ನು ನೋಡಿ ನಗುವವರೂ ಒಂದೇ. ಇಬ್ಬರೂ ಆ ಪದದ ಒಳಗೆ ಇಣುಕಿಲ್ಲ.

ಇಣುಕಿದರೆ ಏನೇನಿದೆ ಗೊತ್ತೇ? ‘ಆಟ್’ ಅನ್ನುವ ಪದ ಇದೆಯಲ್ಲ, ಹೀಗೆ ಮಾಡತಕ್ಕದ್ದು ಅನ್ನುವಾಗ ಬರುವುದು, ಅದು ‘ಓ’ (ಓ ಡಬ್ಲ್ಯು ಇ) ಅನ್ನುವ ಸಾಲದ ಕ್ರಿಯಾಪದದ ಭೂತಕಾಲ. ಅಂದರೆ ಮಾಡಬೇಕಾದ್ದು ಅಂದರೆ ಬಾಕಿ ಇರುವುದು, ತೀರಿಸಬೇಕಾದ ಉದ್ರಿ. ‘ನೇಬರ್’ ಅಂದರೆ ಮೂಲದಲ್ಲಿ ಹತ್ತಿರದ ಒಕ್ಕಲಿಗ, ಪಕ್ಕದ ಹೊಲ ಮಾಡುವವ. ‘ಡ್ರೌಟ್’ ಹುಟ್ಟಿದ್ದು ‘ಡ್ರೈ’ ಹೊಟ್ಟೆಯಲ್ಲಿ, ಒಣಗಿದ್ದೇ ಬರ. ಮಿರಗಾ, ಅಂದರೆ ಮೃಗಶಿರಾ ಮಳೆ, ಕೂಡಿ ಎಷ್ಟು ದಿನ ಆಯಿತು, ತೊಗರಿ ಬಿತ್ತಲು ಹನಿ ಮಳೆ ಇಲ್ಲದ ಈ ವಾರ ಆ ಹುಡುಗನಿಗೆ ‘ಡ್ರೌಟ್ ಮೀನ್ಸ್ ಬರಗಾಲ’ ಅಂತ ಯಾರೂ ಭಜನೆ ಮಾಡಿಸಬೇಕಿಲ್ಲ. ಇನ್ನು ‘ನಾಟಿ’. ತುಂಟ ಅಂತ ಎಲ್ಲ ಟೀಚರುಗಳೂ ಮುದ್ದಾಗಿ ಬೈಯುವ ಪದ. ಅದು ‘ನಾಟ್’ನಿಂದ, ಅಂದರೆ ಏನೂ ಇಲ್ಲದ್ದು ಅನ್ನುವುದರಿಂದ ಬಂದದ್ದು. ಮೊದಲ ಅರ್ಥ ಕೈಯಲ್ಲಿ ಏನೂ ಇಲ್ಲದವನು, ಗತಿಯಿಲ್ಲದವನು. ಆಮೇಲೆ ಗತಿಯಿಲ್ಲದವನು ಕೆಟ್ಟವನಾದ, ಕೆಟ್ಟವನು ತುಂಟನಾದ. ಬಡವನೇ ತಪ್ಪಿತಸ್ಥ ಅನ್ನುವ ಲೆಕ್ಕ ಅಲ್ಲೂ ಇತ್ತು ನೋಡಿ.

ಆ ಚಾರ್ಟಿನ ಪದಗಳನ್ನು ಸುಮ್ಮನೆ ಸಾಲಾಗಿ ಓದಿ. ರಂಟಿ, ಗಿಡದ ಟೊಂಗೆ, ದನದ ಗ್ವಾದ್ಲಿ, ನಾದಿದ ಹಿಟ್ಟು, ಬರ, ಕೆಮ್ಮು, ಒರಟು, ಗಟ್ಟಿ, ಸಾಕು. ಒಕ್ಕಲುತನದ ಮನೆಯ ಬದುಕೆಲ್ಲ ಅಲ್ಲಿದೆ. ಅರಮನೆ, ಕೋರ್ಟು, ಕಚೇರಿಯ ಮಾತು ಇಂಗ್ಲಿಷಿಗೆ ಫ್ರೆಂಚರಿಂದ ಬಂತು. ಈ ಗಂಟಲಿನ ಪದಗಳು ಹೆಚ್ಚಾಗಿ ಅವರ ಹಳ್ಳಿಗರ ಹಳೆಯ ಪದಗಳು, ಹೊಲ ಮನೆಯವು. ಆ ಮೂವತ್ತು ಮಕ್ಕಳಲ್ಲಿ ಈ ಪದಗಳನ್ನು ಕೈಯಿಂದ ಮುಟ್ಟಿ ಬಲ್ಲವನು ಯಾರಾದರೂ ಇದ್ದರೆ ಅವನೇ. ಅವನು ‘ರಂಟಿ’ ಅಂದಾಗ ‘ಹೌದಪ್ಪ, ಪುಸ್ತಕದಾಗ ನೇಗಿಲು ಅಂತಾರ, ನಮ್ಮ ಕಡಿ ರಂಟಿ ಅಂತೀವಿ’ ಅನ್ನಲು ಎಷ್ಟು ಖರ್ಚಾಗುತ್ತಿತ್ತು? ಮಳಖೇಡ ಇಲ್ಲಿಂದ ಗಂಟೆಯ ದಾರಿ. ಕಾವೇರಿಯಿಂದ ಗೋದಾವರಿವರೆಗಿನ ಈ ನಾಡಿನ ಜನ ಕುರಿತು ಓದದಿದ್ದರೂ ಕಾವ್ಯ ಬಲ್ಲವರು ಅಂತ ಕವಿರಾಜಮಾರ್ಗ ಹೊಗಳಿದ್ದು ಅಲ್ಲಿಯ ರಾಜನ ಆಸ್ಥಾನದಿಂದ. ಭಾಷಣದಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಕುರಿತೋದದ ಹುಡುಗ ಎದುರಿಗೆ ಬಂದು ನಿಂತರೆ ನಗುತ್ತೇವೆ.

ಇನ್ನೊಂದು ಮಾತು. ಬರೆಯುವುದೊಂದು, ಅನ್ನುವುದೊಂದು ಅನ್ನುವುದು ನಮ್ಮ ಕಡೆಯ ಮಕ್ಕಳಿಗೆ ಹೊಸದೇ? ‘ಮನೆ’ ಅಂತ ಬರೆದು ‘ಮನಿ’ ಅನ್ನುತ್ತೇವೆ. ‘ಬೇಡ’ ಅಂತ ಬರೆದು ‘ಬ್ಯಾಡ’ ಅನ್ನುತ್ತೇವೆ. ‘ಹೋಗುತ್ತಿದ್ದೇನೆ’ ಅಂತ ಬರೆಯುತ್ತ ‘ಹೋಗ್ಲಕತ್ತೀನಿ’ ಅನ್ನುತ್ತೇವೆ. ನಮ್ಮೂರಿನ ಬೋರ್ಡಿನ ಮೇಲೆ ಎಷ್ಟೋ ವರ್ಷ ‘ಗುಲ್ಬರ್ಗಾ’ ಇತ್ತು, ನಮ್ಮಜ್ಜಿ ಸಾಯುವತನಕ ‘ಕಲಬುರ್ಗಿ’ ಅಂದಳು. 2014ರ ನವೆಂಬರ್ 1ಕ್ಕೆ ಸರ್ಕಾರವೇ ಅಜ್ಜಿಯ ದಾರಿಗೆ ಬಂತು. ಹಳಗನ್ನಡದ ‘ಪಾಲ್’ ಬಾಯಲ್ಲಿ ‘ಹಾಲು’ ಆದಾಗ ನಾವು ‘ಹಾಲು’ ಅಂತಲೇ ಬರೆದೆವು. ೞ ಅನ್ನುವ ಅಕ್ಷರದ ಸದ್ದು ಹೋದಾಗ ಅಕ್ಷರವನ್ನೂ ಕಳಿಸಿಕೊಟ್ಟೆವು. ಇಂಗ್ಲಿಷರು ಹೆಣವನ್ನು ಮನೆಯಲ್ಲೇ ಇಟ್ಟುಕೊಂಡರು. ಅಷ್ಟೇ ವ್ಯತ್ಯಾಸ. ಈ ನಾಲ್ಕು ಸಾಲು ಹೇಳಿದರೆ ಆರನೇ ಕ್ಲಾಸಿನ ಮಗುವಿಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಹೇಳುವವರಿಗೆ ಮೊದಲು ತಿಳಿದಿರಬೇಕು.

‘ಮೇಡಂ, ಅದೆಲ್ಲ ಸರಿ, ಆದರೆ ಉಚ್ಚಾರ ತಿದ್ದದಿದ್ದರೆ ಮಕ್ಕಳು ಇಂಟರ್‌ವ್ಯೂದಲ್ಲಿ ಸೋಲುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿಯೇ ಕೊನೆ. ನೀವು ಇಲ್ಲಿ ಕೂತು ಕಥೆ ಹೇಳುತ್ತೀರಿ’ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಇವತ್ತು ಸ್ಟಾಫ್ ರೂಮಿನಲ್ಲಿ ಅಂದರು. ತಿದ್ದಬೇಡಿ ಅಂತ ನಾನೆಲ್ಲಿ ಹೇಳಿದೆ? ‘ಕಾಫ್’ ಅಂತಲೇ ಕಲಿಸಿ, ಹತ್ತು ಸಲ ಹೇಳಿಸಿ. ನಗುವುದು ತಿದ್ದುವುದು ಹೇಗಾಗುತ್ತದೆ? ಕೊನೆಯ ಸ್ಥಾನಕ್ಕೆ ಬಿದ್ದ ಜಿಲ್ಲೆಯಲ್ಲಿ ಧೈರ್ಯ ಮಾಡಿ ಬಾಯಿ ತೆರೆದವನ ಬಾಯಿ ಮುಚ್ಚಿಸಿದರೆ ಫಲಿತಾಂಶ ಏರುತ್ತದೆಯೇ? ಸಾಕು ಬಿಡಿ, ಅವರಿಗೂ ಹೀಗೇ ಅಂದೆ. ಚಹಾ ಅರ್ಧಕ್ಕೆ ಬಿಟ್ಟು ಹೋದರು.

ಇಂಟರ್‌ವ್ಯೂ ಅಂದರಲ್ಲ, ನನ್ನದೇ ಹೇಳುತ್ತೇನೆ. ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ವ್ಯಾಕರಣದ ಬಗ್ಗೆ ಕೇಳಿದರು. ‘ಥರೊ ನಾಲೆಡ್ಜ್’ ಇದೆ ಅನ್ನಲು ಹೋಗಿ ‘ಥ್ರೂ ನಾಲೆಡ್ಜ್’ ಅಂದೆ. ಮೂವರಲ್ಲಿ ಒಬ್ಬರು ಪಕ್ಕದವರ ಮುಖ ನೋಡಿ ತುಟಿಯಂಚಿನಲ್ಲಿ ನಕ್ಕರು. ಕೆಲಸ ಸಿಗಲಿಲ್ಲ, ಅದಕ್ಕೆ ಬೇರೆ ಕಾರಣವೂ ಇದ್ದೀತು. ಆದರೆ ಕಲಬುರಗಿ ತನಕ ರಾತ್ರಿಯ ಬಸ್ಸಿನಲ್ಲಿ ಆ ತುಟಿಯಂಚೇ ಕಣ್ಣ ಮುಂದೆ. ಎಷ್ಟೋ ವರ್ಷದ ಮೇಲೆ ನಿಘಂಟು ತಿರುವುತ್ತಿದ್ದಾಗ ಸಿಕ್ಕಿತು. ‘ಥ್ರೂ’ ಮತ್ತು ‘ಥರೊ’ ಒಂದು ಕಾಲಕ್ಕೆ ಒಂದೇ ಪದ! ಒತ್ತಿ ಹೇಳಿದರೆ ಉದ್ದ, ಒತ್ತದೆ ಹೇಳಿದರೆ ಗಿಡ್ಡ. ಈ ತುದಿಯಿಂದ ಆ ತುದಿಗೆ ಹಾಯ್ದದ್ದೇ ಸಮಗ್ರ ಜ್ಞಾನ. ಅಡಿಗೆ ಮನೆಯಲ್ಲಿ ಒಬ್ಬಳೇ ನಿಂತು ಆ ಮೂವರಿಗೂ ಜೋರಾಗಿ ಬೈದೆ. ನಮ್ಮನೆಯವರು ಗ್ಯಾಸ್ ಲೀಕ್ ಆಯಿತೇನೋ ಅಂತ ಓಡಿ ಬಂದರು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ಭಾರಿ ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದರೆ ನಿನ್ನೆ ರಾತ್ರಿ ನಿದ್ದೆ ಕೆಡಿಸಿದ್ದು ಬರೀ ಆ ಹುಡುಗ ಅಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷವೋ ಮೂರನೇ ವರ್ಷವೋ. ಆಳಂದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ಪಾಠ ಓದುತ್ತಿದ್ದಳು. ಅದರಲ್ಲಿ ‘ಲಾಫ್ಟರ್’ ಪದ ಬಂತು. ‘ಡಾಟರ್’ ಗೊತ್ತಿತ್ತು ಅವಳಿಗೆ, ಮೊದಲಿನ ಒಂದು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅದೇ. ‘ಲಾಟರ್’ ಅಂದಳು. ಮೊದಲು ನಕ್ಕದ್ದು ಕ್ಲಾಸಲ್ಲ, ನಾನು. ನಾನು ನಕ್ಕೆ ಅಂತ ಕ್ಲಾಸು ನಕ್ಕಿತು. ನಗು ಅನ್ನುವ ಪದಕ್ಕೇ ನಕ್ಕಿದ್ದೆ. ಆ ಹುಡುಗಿ ಕೂತಳು. ವರ್ಷ ಮುಗಿಯುವತನಕ ಮತ್ತೆ ಓದಲು ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ. ಅವಳ ಹೆಸರು ಮರೆತಿದ್ದೇನೆ. ಕಿಟಕಿ ಪಕ್ಕದ ನಾಲ್ಕನೇ ಬೆಂಚು ನೆನಪಿದೆ.

ಹಾಗಾಗಿ ನಿನ್ನೆ ಆ ಕೋಣೆಯ ಬಾಗಿಲಲ್ಲಿ ನಿಂತು ನಾನೇನೂ ಜಗಳ ತೆಗೆಯಲಿಲ್ಲ. ತೆಗೆಯುವ ಮುಖ ಇರಲಿಲ್ಲ.

ಟ್ಯೂಷನ್ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಆ ಹುಡುಗ ಚಪ್ಪಲಿ ಹುಡುಕುತ್ತಿದ್ದ. ಪಕ್ಕದಲ್ಲಿ ಕೂತೆ. ತಮ್ಮನ ಮಗಳು ‘ಅತ್ತಿ ಶುರು ಮಾಡಿದಳು’ ಅನ್ನುವ ಹಾಗೆ ತಲೆ ಚಚ್ಚಿಕೊಂಡಳು. ನಾನೇನು ಬಿಡುವವಳೇ? ಹೇಳಿದೆ. ‘ಕಾಫ್’ ಅನ್ನುವ ಪದ ಕೆಮ್ಮುವ ಸದ್ದಿನಿಂದಲೇ ಹುಟ್ಟಿದ್ದಪ್ಪ, ಆ ಜಿ ಎಚ್ ಹಿಂದಕ್ಕೆ ಗಂಟಲಿನ ಖ ಆಗಿತ್ತು, ಖೊಖ್ ಖೊಖ್ ಅಂತೀವಲ್ಲ, ಹಾಗೆ.

‘ನಮ್ಮ ಮುತ್ಯಾ ಕೆಮ್ಮತಾನಲ್ರಿ, ಹಂಗ?’

‘ಬರೋಬ್ಬರಿ ಹಂಗೇ.’

‘ಹಂಗಿದ್ರ ಫ ಆದ್ರೂ ಎಲ್ಲಿಂದ ಬಂತ್ರಿ?’

ನೋಡಿ, ಇದು ಪ್ರಶ್ನೆ. ಇಪ್ಪತ್ತಾರು ವರ್ಷದಲ್ಲಿ ಪಿಯು ಮಕ್ಕಳು ಯಾರೂ ನನಗೆ ಕೇಳದ ಪ್ರಶ್ನೆ. ಗಂಟಲಿನ ಸದ್ದು ತುಟಿಗೆ ಜಾರಿತು ಅಂತ ಹೇಳಿ, ಖ ಅಂದು, ಮೆಲ್ಲಗೆ ತುಟಿ ಹತ್ತಿರ ತಂದು ಫ ಅಂದು ತೋರಿಸಿದೆ. ಅವನೂ ಮಾಡಿದ. ಆಮೇಲೆ ಮುತ್ಯಾನ ಹಾಗೆ ಬೆನ್ನು ಬಾಗಿಸಿ ‘ಖೊಖ್’ ಅಂದ. ಹಿಂದಿದ್ದ ಇಬ್ಬರು ಹುಡುಗರು ಅಂದರು. ತಮ್ಮನ ಮಗಳೂ ಅಂದಳು. ಮೆಟ್ಟಿಲ ತುಂಬ ಮಕ್ಕಳು, ಎಲ್ಲರೂ ಕೆಮ್ಮುತ್ತ ಇಳಿಯುತ್ತಿದ್ದಾರೆ, ಕೆಳಗೆ ಝೆರಾಕ್ಸಿನವನು ಗಾಬರಿಯಾಗಿ ತಲೆ ಎತ್ತಿ ನೋಡುತ್ತಿದ್ದಾನೆ.

‘ಆದ್ರ ಐವತ್ ಸಲ ಬರೀಲೇಬೇಕಲ್ರಿ?’ ಅಂದ, ಕೊನೆಯ ಮೆಟ್ಟಿಲಲ್ಲಿ ನಿಂತು.

‘ಬರೀಬೇಕು’ ಅಂದೆ.

ಮೇಲಿನಿಂದ ‘ಯಾರಲೇ ಅದು, ಕೆಮ್ಮಲಕತ್ತವರು?’ ಅಂತ ಕೂಗು ಬಂತು. ನಾವು ಯಾರೂ ತುಟಿ ಬಿಚ್ಚಲಿಲ್ಲ.